ಕಡಲು ದಾಟುವವರ ತಂಗುಮನೆ: ಆಮ್‌ಸ್ಟರ್‌ಡಾಮಿನ ಲಾಯ್ಡ್ ಹೋಟೆಲಿನ ಚರಿತ್ರೆ

ಹಾಲೆಂಡ್ ದೇಶದ ಆಮ್‌ಸ್ಟರ್‌ಡಾಮ್ ಪಟ್ಟಣದ ಪೂರ್ವ ಬಂದರಿನ ಕಟ್ಟೆಯ ಮೇಲೆ, ಹಡಗುಗಳು ಬಂದು ನಿಲ್ಲುತ್ತಿದ್ದ ನೀರಿಗೆ ಸಮೀಪವಾಗಿ, ಇಟ್ಟಿಗೆಯ ದೊಡ್ಡದೊಂದು ಕಟ್ಟಡವಿದೆ. ಅದಕ್ಕೆ ಲಾಯ್ಡ್ ಹೋಟೆಲೆಂದು ಹೆಸರು. ಯೂರೋಪಿನ ಪೂರ್ವಭಾಗದ ಹಳ್ಳಿಗಳಿಂದಲೂ ಸಣ್ಣ ಊರುಗಳಿಂದಲೂ ಹೊರಟು, ಅಟ್ಲಾಂಟಿಕ್ ಸಾಗರವನ್ನು ದಾಟಿ ದಕ್ಷಿಣ ಅಮೆರಿಕಕ್ಕೆ ಹೋಗತಕ್ಕ ಬಡ ವಲಸೆಗಾರರು ಹಡಗು ಹೊರಡುವ ವರೆಗೆ ತಂಗಿರಲೆಂದು ಒಂದು ಹಡಗಿನ ಕಂಪೆನಿ ಅದನ್ನು ಕಟ್ಟಿಸಿತು. ೧೯೨೧ರಲ್ಲಿ ಅದು ಪೂರ್ತಿಯಾಯಿತು. ತಾನು ಹುಟ್ಟಿದ ಕೆಲಸವನ್ನು ಆ ಮನೆ ಸುಮಾರು ಹದಿನೈದು ವರ್ಷ ಮಾಡಿತು. ಆ ಬಳಿಕ, ೧೯೪೧ರಿಂದ ೧೯೮೯ರ ವರೆಗೆ, ಅದು ಸೆರೆಮನೆಯಾಗಿತ್ತು. ೨೦೦೪ರಲ್ಲಿ ಮತ್ತೆ ಅದು ಹೋಟೆಲಾಗಿ ತೆರೆಯಿತು.

ಅತಿಥಿಗಳಿಗೆಂದು ಕಟ್ಟಿದ ಮನೆ ಕೈದಿಗಳ ಮನೆಯಾದುದು ಯುದ್ಧಕಾಲದ ಒಂದು ಆಕಸ್ಮಿಕವೆಂದು ಮೇಲುನೋಟಕ್ಕೆ ತೋರುವುದು ಸಹಜ. ಪ್ರಕೃತ ಲೇಖನದಲ್ಲಿ ಈ ಅಭಿಪ್ರಾಯವನ್ನು ಪರೀಕ್ಷಿಸಬೇಕೆಂದಿದ್ದೇನೆ. ಆ ಕಟ್ಟಡದ ಚರಿತ್ರೆಯನ್ನು ಅದಕ್ಕಿಂತ ಹಿಂದಿನ ಇಂಥ ಮನೆಗಳ ಚರಿತ್ರೆಯೊಡನೆ ಕೂಡಿಸಿ ಓದಿದರೆ, ಹೋಟೆಲಿಗೂ ಸೆರೆಮನೆಗೂ ನಡುವೆ ಇದ್ದ ದೂರ ನಾವು ಎಣಿಸಿದಷ್ಟು ದೊಡ್ಡದಾಗಿರಲಿಲ್ಲವೆಂಬುದು ಕಂಡುಬರುತ್ತದೆ.

ಮೊದಲು ಹೆಸರಿನ ವಿಚಾರ. ಇಂಥ ಮನೆಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ದಾರಿಗರು ತಂಗುವ ಎಡೆಗೆ ನಮ್ಮಲ್ಲಿ ಹೆಸರುಗಳ ಕೊರತೆಯಿಲ್ಲ. ಛತ್ರ, ಧರ್ಮಶಾಲೆ, ಮುಸಾಫರಖಾನೆ, ಈಚೆಗೆ ಬಂದ ಹೋಟೆಲು, ಎಲ್ಲವೂ ಬಳಕೆಯಲ್ಲಿವೆ. ಛತ್ರವನ್ನು ಕಟ್ಟಿಸುವವನು ಪುಣ್ಯಕ್ಕಾಗಿ ಕಟ್ಟಿಸುತ್ತಾನೆ, ಹೋಟೆಲನ್ನು ಕಟ್ಟಿಸುವವನು ಲಾಭಕ್ಕಾಗಿ ಕಟ್ಟಿಸುತ್ತಾನೆ. ಇವೆರಡಕ್ಕೂ ಎಷ್ಟೇ ಭೇದವಿರಲಿ, ಒಂದು ಸಮಾನಧರ್ಮವಿದೆ: ಇಳಿದುಕೊಂಡವನು ತನಗೆ ಬೇಕೆನಿಸಿದಾಗ ಗಂಟು ಕಟ್ಟಿಕೊಂಡು ಎದ್ದು ಹೋಗಬಹುದು. ವಲಸೆಗಾರರ ಹೋಟೆಲಿನಲ್ಲಿ ಹಾಗಲ್ಲ. ಅಲ್ಲಿ ಬಂದವನು ಯಾವಾಗ ಹೊರಡಬೇಕೆಂಬುದನ್ನು ವೈದ್ಯನ ಒಪ್ಪಿಗೆ ಮತ್ತು ಹಡಗಿನ ವೇಳೆ ಇವೆರಡು ನಿರ್ಣಯಿಸುತ್ತಿದ್ದವು. ಡಚ್ಚರು ವಲಸೆಗಾರನಿಗೆ ಹೇಳುತ್ತಿದ್ದ ಹಳೆಯ ಮಾತು ‘ಲಾಂಡ್‌ಫೆರ್‌ಹೌಸರ್’ ಎಂಬುದು. ಮನೆ ಬದಲಿಸುವುದಕ್ಕೆ ಅವರ ಭಾಷೆಯಲ್ಲಿರುವ ಕ್ರಿಯಾಪದಕ್ಕೆ ‘ನಾಡು’ ಎಂಬುದನ್ನು ಸೇರಿಸಿದರೆ ಈ ಮಾತಾಗುತ್ತದೆ. ಮನೆ ಬದಲಿಸುವಂತೆ ನಾಡನ್ನೇ ಬದಲಿಸುವವನೆಂದು ಅರ್ಥ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಬರಗಾಲದಲ್ಲಿ ಊರು ಬಿಡುವುದಕ್ಕೆ ‘ಗುಳೆ ಹೋಗುವುದು’ ಎನ್ನುತ್ತಾರಷ್ಟೆ. ಗುಳೆ ಹೋದವನು ಮಳೆ ಬಿದ್ದರೆ ಹಿಂದಕ್ಕೆ ಬರುವನೆಂಬ ನಿರೀಕ್ಷೆ ಆ ಮಾತಿನಲ್ಲಿ ಅಡಗಿದೆ. ಡಚ್ ಮಾತಿನಲ್ಲಿ ಅದಿಲ್ಲ. ‘ಲಾಯ್ಡ್’ ಎಂಬ ಹೆಸರಿನ ಕಥೆಯಾದರೂ ವಿನೋದವಾಗಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಲಂಡನ್ ಪಟ್ಟಣದಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನು ನಡೆಸುತ್ತಿದ್ದ ಕಾಫಿ ಅಂಗಡಿಯಲ್ಲಿ ಹಡಗಿನ ವ್ಯಾಪಾರಿಗಳು ಕಲೆಯುತ್ತಿದ್ದರು. ಅಲ್ಲಿಂದ ಆ ಹೆಸರು ಹಡಗಿನ ವಿಮೆಗೂ, ಆಮೇಲೆ ಯೂರೋಪಿನ ನಾನಾ ಹಡಗಿನ ಕಂಪೆನಿಗಳಿಗೂ ಹಬ್ಬಿತು. ಹೀಗೆ ಆಮ್‌ಸ್ಟರ್‌ಡಾಮಿನ ಈ ಮನೆಯ ಹೆಸರಿನ ಮೂಲದಲ್ಲಿಯೂ ಒಂದು ಕಾಫಿ ಅಂಗಡಿಯೇ ಇದೆ.

ಇನ್ನು ಇಂಥ ಮನೆಗಳು ಹುಟ್ಟಿದ ಬಗೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕಕ್ಕೆ ಹೋಗುವವನು ರೇವುಪಟ್ಟಣಕ್ಕೆ ಬಂದು, ಹಾಯಿಹಡಗು ಹೊರಡುವುದಕ್ಕೆ ಅನುಕೂಲವಾದ ಗಾಳಿಯನ್ನು ಕಾಯುತ್ತ, ಸಿಕ್ಕಿದ ಕಡೆ ಬಿದ್ದುಕೊಳ್ಳುತ್ತಿದ್ದನು. ಕಾಯುವ ಕಾಲ ವಾರಗಟ್ಟಲೆ ಆಗುತ್ತಿದ್ದುದುಂಟು. ಆ ವೇಳೆಗೆ ರೇವಿನ ತಂಗುಮನೆಯವರೂ ದಲ್ಲಾಳಿಗಳೂ ಅವನ ಕೈಯ ಕಾಸನ್ನು ಕರಗಿಸಿಬಿಡುತ್ತಿದ್ದರು. ಜರ್ಮನಿಯ ಬ್ರೆಮೆನ್ ನಗರದ ಅಧಿಕಾರಿಗಳು ಈ ವಿಷಯದಲ್ಲಿ ಮೊದಲು ಎಚ್ಚೆತ್ತವರು. ೧೮೩೨ರಲ್ಲಿ ಅವರು ಮಾಡಿದ ಕಟ್ಟಳೆಯಂತೆ ಹಡಗಿನ ಒಡೆಯನು ಪ್ರಯಾಣಿಕರ ಪಟ್ಟಿಯನ್ನು ಒಪ್ಪಿಸಬೇಕು, ೯೦ ದಿನಗಳಿಗೆ ಸಾಕಾಗುವ ಆಹಾರವನ್ನು ಹಡಗಿನಲ್ಲಿ ತುಂಬಬೇಕು. ಇದು ಬರಿಯ ದಯೆಯಲ್ಲ. ವಲಸೆಗಾರರು ಬೇರೆ ರೇವುಗಳನ್ನು ಬಿಟ್ಟು ತಮ್ಮಲ್ಲಿಗೆ ಬರಲೆಂಬ ವ್ಯಾಪಾರಬುದ್ಧಿಯೂ ಅದರಲ್ಲಿತ್ತು. ಆದರೆ ಅದರಿಂದ ಬಡವನಿಗೆ ಉಪಕಾರವಾದದ್ದು ನಿಶ್ಚಯ. ೧೮೫೦ರಲ್ಲಿ ಬ್ರೆಮರ್‌ಹಾವೆನ್ ರೇವಿನಲ್ಲಿ ವಲಸೆಗಾರರಿಗೆಂದೇ ಒಂದು ಮಹಾಗೃಹವನ್ನು ತೆರೆದರು. ಸುಮಾರು ೨,೦೦೦ ಮಂದಿ ಅಲ್ಲಿ ಏಕಕಾಲದಲ್ಲಿ ತಂಗಬಹುದಾಗಿತ್ತು. ದೊಡ್ಡ ಅಡಿಗೆಮನೆ, ಆಸ್ಪತ್ರೆ, ಪ್ರಾರ್ಥನಾಮಂದಿರ ಎಲ್ಲವೂ ಒಂದೇ ಸೂರಿನ ಕೆಳಗಿದ್ದವು. ೧೮೬೨ರಲ್ಲಿ ರೈಲು ಆ ರೇವಿಗೆ ಮುಟ್ಟಿತು. ಹಾಯಿಯ ಬದಲು ಹಬೆಯ ಹಡಗುಗಳು ಗೊತ್ತಾದ ದಿನ ಹೊರಡತೊಡಗಿದವು. ಕಾಯಬೇಕಾದ ಕಾಲ ಕಡಿಮೆಯಾಯಿತು. ೧೮೬೫ರಲ್ಲಿ ಆ ಮನೆಯನ್ನು ಮುಚ್ಚಿದರು.

ಹಾಗಾದರೆ ಕಾಯುವ ಅಗತ್ಯವೇ ತಪ್ಪಿದ ಮೇಲೆ ಇನ್ನೂ ದೊಡ್ಡ ಮನೆಗಳು ಏಕೆ ಎದ್ದವು? ಇದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಭಯದಲ್ಲಿದೆ; ಪ್ರಯಾಣಿಕನ ಭಯವಲ್ಲ, ಪ್ರಯಾಣಿಕನನ್ನು ಕುರಿತ ಭಯ.

೧೮೯೧ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನವು ಒಂದು ಶಾಸನವನ್ನು ಮಾಡಿತು. ಅದರ ಮೇರೆಗೆ, ಸೋಂಕುರೋಗವುಳ್ಳವನೆಂದೋ ತನ್ನ ಹೊಟ್ಟೆಯನ್ನು ತಾನು ಹೊರೆಯಲಾರದವನೆಂದೋ ಅಲ್ಲಿನ ರೇವಿನಲ್ಲಿ ನಿರಾಕರಿಸಲ್ಪಟ್ಟವನನ್ನು, ಅವನನ್ನು ತಂದ ಕಂಪೆನಿಯೇ ತನ್ನ ಖರ್ಚಿನಿಂದ ಹಿಂದಕ್ಕೆ ಒಯ್ಯಬೇಕು. ಈ ಒಂದು ವಿಧಿಯಿಂದ ಪರೀಕ್ಷೆಯ ಸ್ಥಳವು ಸಾಗರದ ಆಚೆಯ ದಡದಿಂದ ಈಚೆಯ ದಡಕ್ಕೆ ಬಂದಿತು. ನ್ಯೂಯಾರ್ಕಿನ ವೈದ್ಯನು ಬೇಡವೆನ್ನಬಹುದಾದವನನ್ನು ಹ್ಯಾಂಬರ್ಗಿನ ವೈದ್ಯನು ಮುಂಚೆಯೇ ಬೇಡವೆಂದರೆ ಕಂಪೆನಿಗೆ ಒಂದು ಸಾಗರಪ್ರಯಾಣದ ವೆಚ್ಚ ಉಳಿಯುತ್ತದೆ. ಅಮೆರಿಕದ ಸರಕಾರ ಒಂದು ಕಾಸನ್ನೂ ವೆಚ್ಚ ಮಾಡದೆ ಯೂರೋಪಿನ ರೇವುಗಳಲ್ಲಿ ತನ್ನ ಬಾಗಿಲನ್ನು ನಿಲ್ಲಿಸಿತು ಎನ್ನಬಹುದು.

ಮರುವರ್ಷ, ೧೮೯೨ರ ಆಗಸ್ಟಿನಲ್ಲಿ, ಹ್ಯಾಂಬರ್ಗಿನಲ್ಲಿ ವಾಂತಿಭೇದಿ ಎದ್ದಿತು. ಕೆಲವೇ ವಾರಗಳಲ್ಲಿ ಸುಮಾರು ೮,೬೦೦ ಮಂದಿ ಸತ್ತರು. ರಷ್ಯದಿಂದ ಬಂದ ವಲಸೆಗಾರರೇ, ವಿಶೇಷವಾಗಿ ಯೆಹೂದ್ಯರೇ, ರೋಗವನ್ನು ತಂದರೆಂಬ ಅಪವಾದ ಕೂಡಲೆ ಹಬ್ಬಿತು. ರೋಗಬೀಜ ಎಲ್ಲಿಂದಲಾದರೂ ಬಂದಿರಲಿ, ಅದು ಮನೆಮನೆಗೆ ಹರಡಿದ್ದು ನಗರದ ಕೊಳಾಯಿಗಳಿಂದ. ಹ್ಯಾಂಬರ್ಗ್ ನಗರವು ಎಲ್ಬೆ ನದಿಯ ನೀರನ್ನು ಸೋಸದೆ ಜನಕ್ಕೆ ಕುಡಿಸುತ್ತಿತ್ತು. ಪಕ್ಕಕ್ಕೇ ಅಂಟಿಕೊಂಡಿದ್ದ ಆಲ್ಟೋನಾ ಪಟ್ಟಣವೂ ಅದೇ ನದಿಯ ನೀರನ್ನೇ ಕುಡಿಯುತ್ತಿತ್ತು. ಆದರೆ ಮರಳಿನಲ್ಲಿ ಸೋಸಿ. ಎರಡು ಪಟ್ಟಣಗಳ ಎಲ್ಲೆಯಾದ ಬೀದಿಗಳಲ್ಲಿ ಹ್ಯಾಂಬರ್ಗಿನ ಪಕ್ಕದ ಮನೆಗಳಲ್ಲಿ ಸಾವು, ಆಲ್ಟೋನಾದ ಪಕ್ಕದ ಮನೆಗಳಲ್ಲಿ ನೆಮ್ಮದಿ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಯಾರಿಗೆ ಬೇಕು? ಸರಕಾರದ ಕಡೆಯಿಂದ ಪರೀಕ್ಷೆಗೆ ಬಂದ ರಾಬರ್ಟ್ ಕಾಕ್ ಎಂಬ ಪ್ರಸಿದ್ಧ ವೈದ್ಯನು ನೀರಿನ ದೋಷವನ್ನು ಎತ್ತಿ ತೋರಿಸಿದನು. ೧೮೯೩ರಲ್ಲಿ ನಗರವು ಸೋಸುವ ಕೊಳಗಳನ್ನು ತೆರೆಯಿತು. ಆದರೆ ನೀರನ್ನು ಸೋಸಿದ್ದರಿಂದ ಮನುಷ್ಯರನ್ನು ಸೋಸುವ ಕೆಲಸವೇನೂ ನಿಲ್ಲಲಿಲ್ಲ. ಪ್ರಷ್ಯದ ಪೂರ್ವದ ಗಡಿಯಲ್ಲಿ ಪರೀಕ್ಷಾಠಾಣ್ಯಗಳು ಎದ್ದವು. ಅವುಗಳನ್ನು ನಡೆಸುವ ಭಾರ ಜರ್ಮನಿಯ ಎರಡು ದೊಡ್ಡ ಹಡಗಿನ ಕಂಪೆನಿಗಳಿಗೇ ಬಂದಿತು. ಒಂದು ದೇಶದ ಗಡಿಯ ಬಾಗಿಲನ್ನು ಟಿಕೀಟು ಮಾರುವವರ ಕೈಗೆ ಕೊಟ್ಟ ಈ ಏರ್ಪಾಡನ್ನು ಚರಿತ್ರಕಾರರು ಇನ್ನೂ ಹೆಚ್ಚಾಗಿ ಗಮನಿಸಬೇಕಾಗಿದೆ.

೧೯೦೧ರಲ್ಲಿ ಹ್ಯಾಂಬರ್ಗಿನ ಫೆಡ್ಡೆಲ್ ಎಂಬ ದ್ವೀಪಭಾಗದಲ್ಲಿ ‘ವಲಸೆಗಾರರ ಶಾಲೆಗಳು’ ತೆರೆದವು. ಇವುಗಳ ಹಿಂದೆ ಇದ್ದವನು ಹ್ಯಾಂಬರ್ಗ್-ಅಮೆರಿಕ ಕಂಪೆನಿಯ ಮುಖ್ಯಸ್ಥನಾದ ಆಲ್ಬರ್ಟ್ ಬಾಲಿನ್. ತಾನೇ ಯೆಹೂದ್ಯ, ವಲಸೆಗಾರರಿಗೆ ಟಿಕೀಟು ಮಾರುವ ಸಣ್ಣ ಅಂಗಡಿಯಿಂದ ಮೇಲಕ್ಕೆ ಬಂದವನು. ಕೆಲವೇ ವರ್ಷಗಳಲ್ಲಿ ಇವು ವಿಸ್ತಾರಗೊಂಡು ಸುಮಾರು ೫,೦೦೦ ಜನಕ್ಕೆ ಎಡೆಮಾಡುವಷ್ಟಾದವು. ಮಲಗುವ ಶಾಲೆಗಳು, ಚರ್ಚು, ಯೆಹೂದ್ಯರ ಪ್ರಾರ್ಥನಾಮಂದಿರ, ಅವರ ಧರ್ಮಕ್ಕೆ ತಕ್ಕ ಬೇರೆ ಅಡಿಗೆಮನೆ, ವಾದ್ಯ ನುಡಿಸುವ ಮಂಟಪ, ಸ್ವಲ್ಪ ಹಣವಿದ್ದವರಿಗೆ ಎರಡು ಹೋಟೆಲುಗಳು ಸಹ ಅಲ್ಲಿದ್ದವು. ತನ್ನ ಹಳ್ಳಿಯಲ್ಲಿ ಇಷ್ಟು ಶುಚಿಯಾದ ಹಾಸಿಗೆಯನ್ನು ಕಾಣದಿದ್ದವರು ಆ ಶಾಲೆಗಳಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಆದರೆ ಆ ಸ್ಥಳವನ್ನು ಎರಡಾಗಿ ಭಾಗಿಸಿದ್ದರು. ಒಂದಕ್ಕೆ ‘ಅಶುದ್ಧ ಪಕ್ಕ’ವೆಂದೂ ಇನ್ನೊಂದಕ್ಕೆ ‘ಶುದ್ಧ ಪಕ್ಕ’ವೆಂದೂ ಹೆಸರು. ಬಂದವನು ಅಶುದ್ಧದಿಂದ ಒಳಹೊಕ್ಕು, ಬಟ್ಟೆಬರೆಯನ್ನು ಹಬೆಗೆ ಒಪ್ಪಿಸಿ, ಸ್ನಾನ ಮಾಡಿ, ವೈದ್ಯನಿಗೆ ಮೈಯನ್ನೂ ಕಣ್ಣನ್ನೂ ತೋರಿಸಿ, ಶುದ್ಧಕ್ಕೆ ದಾಟಬೇಕು. ಮಡಿಮೈಲಿಗೆಗಳ ವಿಚಾರವನ್ನು ಬಲ್ಲ ನಮ್ಮ ವಾಚಕರಿಗೆ ಈ ಏರ್ಪಾಡಿನ ಮರ್ಮವನ್ನು ವಿವರಿಸಬೇಕಾದುದಿಲ್ಲ. ಟ್ರಕೋಮ ಎಂಬ ಕಣ್ಣುಬೇನೆಗೆ ಎಲ್ಲರೂ ಹೆದರುತ್ತಿದ್ದರು. ೧೮೯೭ರಿಂದ ಅಮೆರಿಕದವರು ಆ ಬೇನೆಯವರನ್ನು ಒಳಕ್ಕೆ ಬಿಡುತ್ತಿರಲಿಲ್ಲ. ಒಂದು ಕುಟುಂಬದಲ್ಲಿ ಒಂದು ಮಗುವಿನ ಕಣ್ಣು ಕೆಂಪಾಗಿದ್ದರೆ ಇಡೀ ಕುಟುಂಬದ ಪ್ರಯಾಣ ಮುರಿಯಬಹುದಾಗಿತ್ತು. ಮಾರಿದ ಹೊಲ ಮನೆಗಳು ಮತ್ತೆ ಬರುವಂತಿರಲಿಲ್ಲ.

ಆಮ್‌ಸ್ಟರ್‌ಡಾಮಿನ ಮನೆಗೆ ಇದೇ ಮಾದರಿ. ೧೮೭೬ರಲ್ಲಿ ಉತ್ತರ ಸಮುದ್ರದ ಕಾಲುವೆ ತೆರೆದ ಮೇಲೆ ದೊಡ್ಡ ಹಡಗುಗಳು ನೇರವಾಗಿ ಆ ಪಟ್ಟಣಕ್ಕೆ ಬರುವಂತಾಯಿತು. ಪೂರ್ವದಲ್ಲಿ ಹೊಸ ಕಟ್ಟೆಗಳು ಎದ್ದವು. ೧೮೯೯ರಲ್ಲಿ ‘ದಕ್ಷಿಣ ಅಮೆರಿಕ ಮಾರ್ಗ’ವೆಂಬ ಹೆಸರಿನಲ್ಲಿ ಹುಟ್ಟಿ, ಹಣದ ತೊಂದರೆಗೆ ಸಿಕ್ಕಿ, ಪುನಃ ಸಂಘಟಿತವಾಗಿ ‘ರಾಯಲ್ ಹಾಲೆಂಡ್ ಲಾಯ್ಡ್’ ಎಂಬ ಹೆಸರನ್ನು ತಳೆದ ಕಂಪೆನಿ ಅಲ್ಲಿಂದ ಬ್ರೆಜಿಲ್ಲಿಗೂ ಅರ್ಜೆಂಟೀನಕ್ಕೂ ಹಡಗುಗಳನ್ನು ನಡೆಸುತ್ತಿತ್ತು. ಮೇಲಿನ ತರಗತಿಗಳಲ್ಲಿ ಐಶ್ವರ್ಯವಂತರು, ಕೆಳಗಿನ ಅಂತಸ್ತುಗಳಲ್ಲಿ ವಲಸೆಗಾರರು. ಕಂಪೆನಿಯ ಹೆಮ್ಮೆಯ ಹಡಗು ‘ಟುಬಾಂಟಿಯ’ ೧೯೧೪ರಲ್ಲಿ ಮೊದಲ ಪ್ರಯಾಣ ಹೊರಟು, ಎರಡೇ ವರ್ಷಗಳಲ್ಲಿ, ೧೯೧೬ರ ಮಾರ್ಚಿಯಲ್ಲಿ, ಜರ್ಮನ್ ಜಲಾಂತರ್ನೌಕೆಯ ಏಟಿಗೆ ಸಿಕ್ಕಿ ಉತ್ತರ ಸಮುದ್ರದಲ್ಲಿ ಮುಳುಗಿತು. ಹಾಲೆಂಡ್ ಆಗ ಯಾವ ಪಕ್ಷಕ್ಕೂ ಸೇರದ ದೇಶ. ಹಡಗಿನಲ್ಲಿದ್ದವರೆಲ್ಲರೂ ಬದುಕಿಕೊಂಡರು, ಹಡಗು ಹೋಯಿತು.

ಇಷ್ಟಾದರೂ ಕಂಪೆನಿಯವರು ಧೈರ್ಯಗುಂದದೆ, ಯುದ್ಧ ಮುಗಿದೊಡನೆ ವಲಸೆಯ ಪ್ರವಾಹ ಮತ್ತೆ ಹರಿಯುವುದೆಂದು ಎಣಿಸಿ, ಎವರ್ಟ್ ಬ್ರೇಮನ್ ಎಂಬ ಶಿಲ್ಪಿಯಿಂದ ಈ ಮನೆಯನ್ನು ಕಟ್ಟಿಸಿದರು. ಸುಮಾರು ೯೦೦ ಮಂದಿ ಅದರಲ್ಲಿ ತಂಗಬಹುದಾಗಿತ್ತು. ಇದರ ಹತ್ತಿರದಲ್ಲಿಯೇ ಸೋಂಕು ಕಳೆಯುವುದಕ್ಕೆಂದು ಬೇರೊಂದು ಕಟ್ಟಡ. ವಲಸೆಗಾರನು ಮೊದಲು ಅಲ್ಲಿಗೆ ಹೋಗಿ ಮೈ ತೊಳೆದು, ಬಟ್ಟೆಯನ್ನು ಶುದ್ಧಿಮಾಡಿಸಿಕೊಂಡು, ಆ ಮೇಲೆ ಹೋಟೆಲಿಗೆ ಬರಬೇಕು. ಹ್ಯಾಂಬರ್ಗಿನಲ್ಲಿ ಒಂದೇ ಆವರಣದ ಎರಡು ಪಕ್ಕಗಳಾಗಿದ್ದುದು ಇಲ್ಲಿ ಎರಡು ಕಟ್ಟಡಗಳಾಗಿ ಬೇರ್ಪಟ್ಟಿತು, ಅಷ್ಟೇ. ಒಳಗೆ ಸಾಲುಮಂಚಗಳ ಶಾಲೆಗಳು, ಎತ್ತರವಾದ ಊಟದ ಹಜಾರ. ಬಣ್ಣದ ಗಾಜಿನ ಕಿಟಕಿಗಳನ್ನೂ ಗೋಡೆಯ ಮೆರುಗುಬಿಲ್ಲೆಗಳನ್ನೂ ನೋಡಿದವರಿಗೆ, ಬಡವರೆಂದು ಕಂಪೆನಿಯವರು ಕಟ್ಟಡದಲ್ಲಿ ಕೈ ಹಿಡಿದರೆಂದು ಹೇಳಲು ಬಾಯಿ ಬರಲಾರದು. ಈ ಮೆಚ್ಚಿಕೆಯನ್ನು ತಡೆಹಿಡಿಯಬೇಕಾದ ಕಾರಣ ನನಗೆ ಕಾಣುವುದಿಲ್ಲ. ಬ್ರೆಮರ್‌ಹಾವೆನ್ನಿನ ದಲ್ಲಾಳಿಗಳ ಕಾಲವನ್ನು ನೆನೆದರೆ, ಗೊತ್ತಾದ ಹಾಸಿಗೆ, ಬಿಸಿಯಾದ ಊಟ, ಬೀಗವುಳ್ಳ ಬಾಗಿಲು ಇವು ದೊಡ್ಡ ಉಪಕಾರಗಳೇ. ಬೀಗ ಬಾಗಿಲ ಯಾವ ಕಡೆಗೆ ಇದ್ದಿತೆಂಬುದು ಮುಂದಿನ ವಿಚಾರ.

ಮನೆ ಎದ್ದ ವರ್ಷವೇ ಅದರ ಕಾಲ ಮುಗಿಯತೊಡಗಿತ್ತು. ೧೯೨೧ರಲ್ಲಿ ಸಂಯುಕ್ತ ಸಂಸ್ಥಾನದವರು ಒಂದೊಂದು ದೇಶದಿಂದ ಬರತಕ್ಕವರ ಸಂಖ್ಯೆಗೆ ಮಿತಿಯನ್ನು ಗೊತ್ತುಮಾಡಿದರು: ೧೯೧೦ರ ಜನಗಣತಿಯಲ್ಲಿ ಆಯಾ ದೇಶದಲ್ಲಿ ಹುಟ್ಟಿದವರೆಂದು ಕಂಡುಬಂದವರ ನೂರಕ್ಕೆ ೩ರಂತೆ. ೧೯೨೪ರಲ್ಲಿ ಇದನ್ನು ೧೮೯೦ರ ಜನಗಣತಿಯ ನೂರಕ್ಕೆ ೨ಕ್ಕೆ ಇಳಿಸಿದರು. ೧೮೯೦ಕ್ಕೆ ಹಿಂದೆ ಪೂರ್ವ ಯೂರೋಪಿನವರು ಅಲ್ಲಿಗೆ ಹೆಚ್ಚಾಗಿ ಹೋಗಿರಲಿಲ್ಲವಾದುದರಿಂದ, ಹಳೆಯ ಗಣತಿಯನ್ನು ಆರಿಸಿದ್ದರ ಉದ್ದೇಶ ಏನೆಂಬುದು ತಾನಾಗಿ ತಿಳಿಯುತ್ತದೆ. ಉತ್ತರದ ಬಾಗಿಲು ಮುಚ್ಚಿದ್ದರಿಂದ ಕೆಲವರು ದಕ್ಷಿಣಕ್ಕೆ ತಿರುಗಿದರು; ಲಾಯ್ಡ್ ಕಂಪೆನಿಗೆ ಇದರಿಂದ ಕೆಲವು ಕಾಲ ಅನುಕೂಲವಾಗಿರಬೇಕು. ಆದರೆ ೧೯೨೯ರ ಬಳಿಕ ಬಂದ ಜಗದ್ವ್ಯಾಪಕವಾದ ಆರ್ಥಿಕ ಕುಸಿತದಲ್ಲಿ ದಕ್ಷಿಣದ ದೇಶಗಳೂ ಬಾಗಿಲನ್ನು ಕಿರಿದುಮಾಡಿದವು. ೧೯೩೦ರ ದಶಕದ ನಡುವಿನಲ್ಲಿ ಕಂಪೆನಿ ದಿವಾಳಿಯಾಯಿತು.

ಇಲ್ಲಿ ಸ್ವಲ್ಪ ನಿಂತು, ಈ ಮನೆಯಿಂದ ಹೊರಟವನು ಮೂರು ವಾರಗಳ ಮೇಲೆ ಇಳಿಯುತ್ತಿದ್ದ ಆಚೆಯ ದಡವನ್ನು ನೋಡಬೇಕು. ಅರ್ಜೆಂಟೀನದ ರಾಜಧಾನಿಯಾದ ಬ್ವೇನಸ್ ಐರಿಸ್ ರೇವಿನಲ್ಲಿ ಅಲ್ಲಿನ ಸರಕಾರವೇ ೧೯೧೧ರಲ್ಲಿ ‘ವಲಸೆಗಾರರ ಹೋಟೆಲ’ನ್ನು ತೆರೆದಿತ್ತು. ಸುಮಾರು ೩,೦೦೦ ಜನ ಅಲ್ಲಿ ಮಲಗಬಹುದಾಗಿತ್ತು. ೧೮೭೬ರ ಶಾಸನದಂತೆ ಬಂದವನಿಗೆ ಐದು ದಿನ ಊಟ ವಸತಿಗಳು ಉಚಿತ. ಕೆಲಸ ಹುಡುಕಿಕೊಡುವ ಕಚೇರಿಯೂ, ಒಳನಾಡಿಗೆ ಹೋಗಲು ರೈಲಿನ ಟಿಕೀಟೂ ಉಂಟು. ಎರಡಕ್ಕೂ ಹೋಟೆಲೆಂದೇ ಹೆಸರು, ಎರಡರಲ್ಲಿಯೂ ಸಾಲುಮಂಚಗಳೇ, ವೈದ್ಯನೇ. ಭೇದವಿರುವುದು ಬೇರೆ ಕಡೆ. ಅರ್ಜೆಂಟೀನದವರಿಗೆ ಜನ ಬೇಕಾಗಿತ್ತು. ಬಂದವನು ಅವರ ನೆಲವನ್ನು ಉಳುವ ನಾಳಿನ ಪ್ರಜೆ. ಆಮ್‌ಸ್ಟರ್‌ಡಾಮಿನ ಪೌರರಿಗೆ ಆ ಮನುಷ್ಯ ಬೇಕಾಗಿರಲಿಲ್ಲ, ಅವನ ಟಿಕೀಟಿನ ಹಣ ಬೇಕಾಗಿತ್ತು. ಅವನು ಪಟ್ಟಣವನ್ನು ಸೋಕದಂತೆ ಬಂದು ಸೋಕದಂತೆ ಹೋಗಬೇಕು. ಬರುವವರ ಮನೆಗೂ ಹೋಗುವವರ ಮನೆಗೂ ಇರುವ ಈ ಅಂತರವನ್ನು ಮರೆತು ಎರಡನ್ನೂ ಒಂದೇ ಬಗೆಯ ಕಟ್ಟಡಗಳೆಂದು ವರ್ಣಿಸುವುದು ಸರಿಯಲ್ಲ.

೧೯೩೮ರ ನವಂಬರಿನಲ್ಲಿ ಜರ್ಮನಿಯಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಟ್ಟು ಅಂಗಡಿಗಳನ್ನು ಲೂಟಿಮಾಡಿದ ಮೇಲೆ, ಗಡಿ ದಾಟಿ ಬಂದ ನಿರಾಶ್ರಿತರನ್ನು ಇಡುವುದಕ್ಕೆ ಈ ಬರಿದಾದ ಮನೆ ಉಪಯೋಗವಾಯಿತು. ಇವರೂ ಕಡಲು ದಾಟಬೇಕೆಂದೇ ಬಂದವರು. ಆದರೆ ಹಿಂದಿನವರ ಕೈಯಲ್ಲಿ ಟಿಕೀಟು ಇತ್ತು, ಹಡಗಿನ ದಿನ ಗೊತ್ತಾಗಿತ್ತು. ಇವರನ್ನು ಒಳಕ್ಕೆ ಬಿಡುವ ದೇಶವೇ ಗೊತ್ತಾಗಿರಲಿಲ್ಲ. ೧೯೩೯ರ ಅಕ್ಟೋಬರಿನಲ್ಲಿ ಡಚ್ ಸರಕಾರ ದೇಶದ ಈಶಾನ್ಯಭಾಗದ ಬೀಳುಭೂಮಿಯಲ್ಲಿ ವೆಸ್ಟರ್‌ಬೋರ್ಕ್ ಎಂಬಲ್ಲಿ ಯೆಹೂದ್ಯ ನಿರಾಶ್ರಿತರಿಗಾಗಿ ಒಂದು ಬಿಡಾರವನ್ನು ತೆರೆಯಿತು. ೧೯೪೦ರ ಮೇ ತಿಂಗಳಲ್ಲಿ ಜರ್ಮನ್ನರು ಹಾಲೆಂಡನ್ನು ಹಿಡಿದರು. ೧೯೪೨ರ ಜುಲೈಯಿಂದ ಎರಡು ವರ್ಷಗಳ ಕಾಲದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಜನರನ್ನು ಅದೇ ಬಿಡಾರದಿಂದ ಪೂರ್ವದ ಕೊಲೆಯ ಶಿಬಿರಗಳಿಗೆ ರೈಲಿನಲ್ಲಿ ಸಾಗಿಸಿದರು. ಆಶ್ರಯಕ್ಕೆಂದು ಮಾಡಿದ ಪಟ್ಟಿಯೂ ಬೇಲಿಯೂ ಸಿದ್ಧವಾಗಿದ್ದವು, ಒಡೆಯರು ಬದಲಾದರು.

ಲಾಯ್ಡ್ ಹೋಟೆಲು ಸೆರೆಮನೆಯಾದುದು ೧೯೪೧ರಲ್ಲಿ. ಆ ವರ್ಷದ ಫೆಬ್ರವರಿ ೨೫ ಮತ್ತು ೨೬ರಂದು, ಯೆಹೂದ್ಯರನ್ನು ಹಿಡಿದೊಯ್ದುದನ್ನು ಪ್ರತಿಭಟಿಸಿ ಆಮ್‌ಸ್ಟರ್‌ಡಾಮಿನ ಟ್ರಾಮಿನವರೂ ಬಂದರಿನ ಕೂಲಿಕಾರರೂ ಕಾರ್ಖಾನೆಯವರೂ ಕೆಲಸ ನಿಲ್ಲಿಸಿದರು. ಹಿಡಿದ ಮುಷ್ಕರಗಾರರನ್ನು ಈ ಮನೆಯಲ್ಲಿ ಕೂಡಿದರು. ಯುದ್ಧ ಮುಗಿದ ಮೇಲೆ ಜರ್ಮನ್ನರೊಡನೆ ಕೂಡಿದ್ದ ಡಚ್ಚರು ಅದೇ ಗೋಡೆಗಳೊಳಗೆ ಕೈದಿಗಳಾದರು. ಆ ಬಳಿಕ ಸಾಮಾನ್ಯ ಕೈದಿಗಳು. ೧೯೬೪ರಿಂದ ೧೯೮೯ರ ವರೆಗೆ ಅಪರಾಧಿಗಳಾದ ಹುಡುಗರು.

ಯುದ್ಧಕಾಲದಲ್ಲಿ ಯಾವ ದೊಡ್ಡ ಕಟ್ಟಡವಾದರೂ ಸೈನ್ಯದವರ ಕೈಗೆ ಸಿಕ್ಕುತ್ತದೆ, ಇದರಲ್ಲಿ ವಿಶೇಷವೇನೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ಯುಕ್ತವಾದುದೇ. ಅದೇ ಪಟ್ಟಣದಲ್ಲಿ ‘ಹೊಲಾಂಡ್‌ಸ ಸ್ಖೌಬರ್ಗ್’ ಎಂಬ ನಾಟಕಶಾಲೆಯನ್ನು ೧೯೪೨ರಲ್ಲಿ ಯೆಹೂದ್ಯರನ್ನು ಒಟ್ಟುಗೂಡಿಸಿ ಸಾಗಿಸುವ ಸ್ಥಳವನ್ನಾಗಿ ಮಾಡಿದ್ದರು. ಆದರೆ ಯುದ್ಧ ಮುಗಿದೊಡನೆ ಆ ನಾಟಕಶಾಲೆ ಬಂಧನದ ಸ್ಥಳವಾಗಿ ಉಳಿಯಲಿಲ್ಲ. ೧೯೬೨ರಲ್ಲಿ ಅದು ಸತ್ತವರ ಸ್ಮಾರಕವಾಯಿತು. ಲಾಯ್ಡ್ ಹೋಟೆಲಾದರೋ ಯುದ್ಧ ಮುಗಿದ ಮೇಲೆ ಇನ್ನೂ ೪೪ ವರ್ಷ, ಶಾಂತಿಯ ಕಾಲದಲ್ಲಿ, ಪ್ರಜೆಗಳೇ ಆರಿಸಿದ ಸರಕಾರದ ಕೈಯಲ್ಲಿ, ಸೆರೆಮನೆಯಾಗಿಯೇ ಇತ್ತು. ಯುದ್ಧದಿಂದ ಮೊದಲ ನಾಲ್ಕು ವರ್ಷಗಳಿಗೆ ಸಮಾಧಾನ ಹೇಳಬಹುದು, ಉಳಿದ ೪೪ಕ್ಕೆ ಹೇಳಲಾಗದು. ಅವಕ್ಕೆ ಸಮಾಧಾನ ಕಟ್ಟಡದ ರಚನೆಯಲ್ಲಿದೆ. ಒಂದೇ ವೇಳೆಗೆ ನೂರಾರು ಮಂದಿಯನ್ನು ಎಣಿಸಿ ಒಳಕ್ಕೆ ಬಿಡುವುದು, ಸ್ನಾನ ಮಾಡಿಸುವುದು, ಉಣ್ಣಿಸುವುದು, ಮಲಗಿಸುವುದು, ಎಣಿಸಿ ಹೊರಕ್ಕೆ ಕಳಿಸುವುದು, ಪಟ್ಟಣದ ಬದುಕಿಗೆ ಅವರು ಬೆರೆಯದಂತೆ ನೋಡಿಕೊಳ್ಳುವುದು: ಇದಕ್ಕಾಗಿ ಕಟ್ಟಿದ ಮನೆ ಅದು. ಕೋಣೆಗಳನ್ನು ಕಿರಿದುಮಾಡಿ ಕಿಟಕಿಗಳಿಗೆ ಸರಳು ಹಾಕಿದರೆ ಉಳಿದುದೆಲ್ಲ ಹೇಗಿತ್ತೋ ಹಾಗೆಯೇ ನಡೆಯುತ್ತದೆ.

ಇದು ಆಮ್‌ಸ್ಟರ್‌ಡಾಮಿನ ಮಾತು ಮಾತ್ರವೂ ಅಲ್ಲ. ನ್ಯೂಯಾರ್ಕ್ ರೇವಿನ ಎಲ್ಲಿಸ್ ದ್ವೀಪದಲ್ಲಿ ವಲಸೆಗಾರರನ್ನು ಪರೀಕ್ಷಿಸುತ್ತಿದ್ದ ಮನೆಯೂ, ೧೯೨೪ರ ಶಾಸನದ ಬಳಿಕ, ಬರುವವರಿಗಿಂತ ಹೊರಹಾಕಬೇಕಾದವರನ್ನು ಕೂಡಿಡುವ ಸ್ಥಳವಾಗುತ್ತ ಬಂದು, ಎರಡನೆಯ ಮಹಾಯುದ್ಧದಲ್ಲಿ ಶತ್ರುದೇಶದವರೆನಿಸಿದವರ ಬಂದೀಖಾನೆಯಾಗಿ, ೧೯೫೪ರ ನವಂಬರಿನಲ್ಲಿ ಮುಚ್ಚಿತು.

೧೯೮೯ರಲ್ಲಿ ಹುಡುಗರ ಸೆರೆಮನೆ ತೆರವಾದ ಮೇಲೆ ಕೆಲವು ವರ್ಷ ಚಿತ್ರಕಾರರೂ ಶಿಲ್ಪಿಗಳೂ ಅಲ್ಲಿ ಕೆಲಸ ಮಾಡುತ್ತಿದ್ದರು. ಆಮೇಲೆ ಎಂವಿಆರ್‌ಡಿವಿ ಎಂಬ ವಾಸ್ತುಶಿಲ್ಪಿಗಳ ಸಂಸ್ಥೆ ಕಟ್ಟಡದ ನಡುವಿನ ಕೆಲವು ಅಂತಸ್ತುಗಳನ್ನು ಕಡಿದು, ಬೆಳಕು ಕೆಳಗಿನ ವರೆಗೆ ಇಳಿಯುವಂತೆ ಮಾಡಿತು. ೨೦೦೪ರಲ್ಲಿ ತೆರೆದ ಹೋಟೆಲಿನಲ್ಲಿ ಒಂದು ನಕ್ಷತ್ರದ ಕೋಣೆಯಿಂದ ಐದು ನಕ್ಷತ್ರದ ಕೋಣೆಯ ವರೆಗೆ ಎಲ್ಲ ದರ್ಜೆಗಳೂ ಒಂದೇ ಸೂರಿನಡಿ ಇದ್ದುದು ಒಂದು ಹೊಸತನವೆಂದು ಪ್ರಸಿದ್ಧಿಗೆ ಬಂದಿತು. ಹ್ಯಾಂಬರ್ಗಿನ ಶಾಲೆಗಳಲ್ಲಿ ಬಹುಭಾಗ ಉರುಳಿಹೋಗಿತ್ತು. ಅವುಗಳ ಮಾದರಿಯನ್ನು ಮತ್ತೆ ಕಟ್ಟಿ ೨೦೦೭ರಲ್ಲಿ ವಸ್ತುಸಂಗ್ರಹಾಲಯವನ್ನಾಗಿ ತೆರೆದರು. ೧೮೫೦ರಿಂದ ೧೯೩೪ರ ವರೆಗಿನ ಹ್ಯಾಂಬರ್ಗಿನ ಪ್ರಯಾಣಿಕರ ಪಟ್ಟಿಗಳು ಉಳಿದುಬಂದಿವೆ. ಸುಮಾರು ೫೦ ಲಕ್ಷ ಜನ ಹೊರಟ ಆ ರೇವಿನಲ್ಲಿ ತಮ್ಮ ಅಜ್ಜ ಮುತ್ತಜ್ಜಂದಿರ ಹೆಸರನ್ನು ಹುಡುಕಿಕೊಂಡು ಅಮೆರಿಕದಿಂದ ಜನ ಬರುತ್ತಾರೆ.

ಇನ್ನು ನಮ್ಮ ದೇಶಕ್ಕೆ ಸಂಬಂಧಪಟ್ಟ ಒಂದು ಮಾತು. ಲಾಯ್ಡ್ ಕಂಪೆನಿ ಹುಟ್ಟುವುದಕ್ಕೆ ಮೊದಲೇ ಡಚ್ಚರು ಬೇರೊಂದು ರೇವಿನಿಂದ ವಲಸೆಗಾರರನ್ನು ಸಾಗಿಸುತ್ತಿದ್ದರು. ದಕ್ಷಿಣ ಅಮೆರಿಕದ ಸುರಿನಾಂ ಅವರ ವಸಾಹತು. ಅಲ್ಲಿ ೧೮೬೩ರಲ್ಲಿ ಗುಲಾಮಗಿರಿಯನ್ನು ಎತ್ತಿಹಾಕಿ, ಬಿಡುಗಡೆಯಾದವರನ್ನು ಇನ್ನೂ ಹತ್ತು ವರ್ಷ ಸರಕಾರದ ಕಣ್ಗಾವಲಿನಲ್ಲಿ ದುಡಿಸಿಕೊಂಡರು. ಆ ಹತ್ತು ವರ್ಷ ಮುಗಿಯುವ ಹೊತ್ತಿಗೆ ಸಕ್ಕರೆಯ ತೋಟಗಳಿಗೆ ಬೇರೆ ಕೈಗಳು ಬೇಕಾದವು. ೧೮೭೦ರಲ್ಲಿ ಇಂಗ್ಲಿಷರೊಡನೆ ಮಾಡಿಕೊಂಡ ಒಪ್ಪಂದದಂತೆ, ಕ್ರಿ. ಶ. ೧೮೭೩ರ ಫೆಬ್ರವರಿ ೨೬ರಂದು ‘ಲಲ್ಲಾ ರೂಖ್’ ಎಂಬ ಹಾಯಿಹಡಗು ಸುಮಾರು ೪೦೦ ಜನರನ್ನು ಹೊತ್ತು ಕಲ್ಕತ್ತೆಯಿಂದ ಹೊರಟು, ಜೂನ್ ತಿಂಗಳ ಮೊದಲಲ್ಲಿ ಪರಮಾರಿಬೊ ರೇವನ್ನು ಮುಟ್ಟಿತು. ೧೯೧೬ರ ವರೆಗೆ ಹೀಗೆ ಹೋದವರು ೩೪,೩೦೪ ಮಂದಿ. ಬಹುಮಟ್ಟಿಗೆ ಈಗಿನ ಉತ್ತರಪ್ರದೇಶ ಬಿಹಾರಗಳ ಕಡೆಯವರು. ಐದು ವರ್ಷದ ಕರಾರು. ಅವರೂ ಹೊರಡುವ ಮೊದಲು ಹೂಗ್ಲಿ ನದಿಯ ದಡದ ಆವರಣಗಳಲ್ಲಿ ಹಡಗಿಗಾಗಿ ಕಾದರು, ವೈದ್ಯನಿಗೆ ಮೈ ತೋರಿಸಿದರು, ಪಟ್ಟಿಗೆ ಹೆಸರು ಬರೆಸಿದರು. ಆ ಸ್ಥಳಕ್ಕೆ ಯಾರೂ ಹೋಟೆಲೆಂದು ಹೆಸರಿಡಲಿಲ್ಲ. ಅದು ‘ಡಿಪೋ’; ಸರಕನ್ನು ಕೂಡಿಡುವ ಸ್ಥಳಕ್ಕೆ ಹೇಳುವ ಮಾತು. ಹೆಸರಿನ ಮಟ್ಟಿಗಾದರೂ ಅದರಲ್ಲಿ ಮರೆಮಾಚು ಇರಲಿಲ್ಲ.

ಕರಾರು ಮುಗಿಸಿದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಹಿಂದಕ್ಕೆ ಬಂದರು. ಉಳಿದವರು ಅಲ್ಲಿಯೇ ನಿಂತರು. ೧೯೭೫ರ ನವಂಬರಿನಲ್ಲಿ ಸುರಿನಾಂ ಸ್ವತಂತ್ರವಾಯಿತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ, ಡಚ್ ಪ್ರಜೆಗಳೆಂಬ ಹಕ್ಕು ಕೈತಪ್ಪುವ ಮೊದಲೇ, ಲಲ್ಲಾ ರೂಖ್ ಮತ್ತು ಅದರ ಹಿಂದಿನಿಂದ ಬಂದ ಹಡಗುಗಳವರ ಮೊಮ್ಮಕ್ಕಳು ಮರಿಮಕ್ಕಳು ಸಾವಿರಗಟ್ಟಲೆಯಾಗಿ ವಿಮಾನಗಳಲ್ಲಿ ಆಮ್‌ಸ್ಟರ್‌ಡಾಮಿಗೆ ಬಂದಿಳಿದರು. ಸಾಗರವನ್ನು ದಾಟುವ ಬಡವರಿಗೆಂದು ಅದೇ ಪಟ್ಟಣದ ಬಂದರಿನಲ್ಲಿ ಕಟ್ಟಿದ್ದ ಮನೆಯ ಕಿಟಕಿಗಳಿಗೆ ಆ ವರ್ಷ ಕಬ್ಬಿಣದ ಸರಳುಗಳಿದ್ದವು, ಒಳಗೆ ಹುಡುಗರಿದ್ದರು.